ಬಾಂಬ್ ಹಾಕಲಿಕ್ಕ ಕಟ್ಟಿದ ಊರು

ದೀಪ ಸಣ್ಣದು ಮಾಡ್ರಿ... ಹಾಂ, ಸಾಕು. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಕಾಕಾನ ಮಗ ಜಟ್ಟೆಪ್ಪಗ ಆಗಿದ್ದು. ಗೌಂಡಿ ಕೆಲಸಕ್ಕಂತ ಹೆಂಡತಿ ಸಾಬವ್ವನ ಕರಕೊಂಡು ಪುಣೆಕ್ಕ ಹೋಗಿದ್ದ. ತೊಂಬತ್ತೊಂಬತ್ತನೇ ಇಸವಿ. ಕೆಲಸ ಊರ ಹೊರಗ ವಾಕಡದಾಗ. ಆಗ ವಾಕಡ ಅಂದ್ರ ಈಗಿನಂಗ ಬಿಲ್ಡಿಂಗ್ ಅಲ್ರಿ, ಬರೇ ಹೊಲ, ಬರೇ ಬೀಳು.

ಒಂದು ರಾತ್ರಿ ಕೆಲಸ ಮುಗಿಸಿ, ನಸಿಕಿನ ನಾಕಕ್ಕ ಚಹಾ ಕುಡದು ತಗಡಿನ ಶೆಡ್ಡಿಗೆ ಹೊಂಟಿದ್ದ. ದಾರಿಯಾಗ ಒಂದು ಬಾವಿ. ಸಪ್ಪಳ ಬಂತು... ಗಡಗಡಗಡ, ರಾಟಿ ತಿರುಗಿದ್ದು. ಆಮ್ಯಾಲ ಕೊಡ ನೀರಿಗೆ ಬಿದ್ದದ್ದು... ಬುಳಕ್.

ಜಟ್ಟೆಪ್ಪ ನಿಂತಲ್ಲೇ ನಿಂತ.

ಯಾಕಂದ್ರ ಆ ಬಾವಿ ಕಟ್ಟಿದಾಂವ ಅವನೇ. ಸಪಾಟ ನೆಲದ ಮ್ಯಾಲ ದುಂಡಗ ಇಟ್ಟಂಗಿ ಇಟ್ಟು ಪ್ಲಾಸ್ಟರ್ ಬಳದಿದ್ದ. ಒಳಗ ಗೇಣು ಆಳ ಇಲ್ಲ. ಸಿನಿಮಾದ ಬಾವಿ ಅದು. ಬಗ್ಗಿ ನೋಡಿದ... ಒಣಾ ಮಣ್ಣು. ರಾಟಿಗೆ ಹಗ್ಗನೂ ಇದ್ದಿದ್ದಿಲ್ಲ.

ಯುದ್ಧದ ಸಿನಿಮಾರಿ. ಯಾವುದೋ ದೇಶದಾಗ ಹಿಂದೊಮ್ಮೆ ವಿಮಾನದವ್ರು ವೈರಿ ಠಾಣೆ ಅಂತ ತಿಳದು ಬಡವರ ಹಳ್ಳಿ ಮ್ಯಾಲ ಬಾಂಬ್ ಹಾಕಿದ್ರಂತ. ಕೆಳಗಿನ ಮಂದಿ ಬಿಳೀ ಅರಿವಿ ಬೀಸಿ ಬೀಸಿ ಒದರಿದ್ರೂ ಮ್ಯಾಲಿನವರಿಗೆ ಕಾಣಲಿಲ್ಲಂತ. ಡೈರೆಕ್ಟರ್ ಆ ಹಳ್ಳಿದು ಹಳೇ ಫೋಟೋ ತಂದಿದ್ದ. ಅದರಾಗ ಇದ್ದಂಗ ಮನಿ, ಬಾಗಿಲ, ಕಟ್ಟಿ, ಬಾವಿ, ಎಲ್ಲಾ ಅಲ್ಲಲ್ಲೇ ಕಟ್ಟಿಸಿದ. ಕಟ್ಟಿದವ್ರು ನಮ್ಮ ಮಂದಿ. ಕಡೀಕ ಮದ್ದು ಇಟ್ಟು ಹಾರಿಸಿ ಶೂಟಿಂಗ್ ಮಾಡೋದಿತ್ತು.

ಜಟ್ಟೆಪ್ಪ ಶೆಡ್ಡಿಗೆ ಬಂದು ಹೆಂಡತಿ ಕಿವಿಯಾಗ ಹೇಳಿದ. "ಬಾವ್ಯಾಗ ಯಾರೋ ನೀರು ಸೇದ್ಲಿಕತ್ತಾರ..."

ಸಾಬವ್ವ ಹೆದರಲಿಲ್ಲ. "ನಿಮಗ ಈಗ ಕೇಳಿಸ್ತೇನ್ರಿ? ಆ ಮನಿಗಳಿಗೆ ಬಾಗಿಲ ಕೂಡಿಸಿದಾಗಿಂದ ನಾ ಕೇಳ್ಲಿಕತ್ತೀನಿ. ಬೀಸೋ ಕಲ್ಲು... ಘರ್ರ್ ಘರ್ರ್. ಕೂಸು ಅಳ್ತದ. ಮುದುಕ ಒಬ್ಬಾಂವ ಕೆಮ್ಮತಾನ."

"ಯಾರವರು?"

"ಅವರ ಮನಿ ನೀವೇ ಕಟ್ಟಿ ಕೊಟ್ರಿ. ಬಂದಾರ."

ಮರುದಿನ ಮುಕಾದಮ ಲಾಲಪ್ಪನ ಮುಂದ ಬಾಯಿ ಬಿಟ್ಟ. ಇವರನ್ನ ಕೆಲಸಕ್ಕ ಹಚ್ಚಿದಾಂವ ಅವನೇ.

"ರಾತ್ರಿ ಎಷ್ಟು ಕುಡದಿದ್ದಿ ಜಟ್ಯಾ?"

"ಚಹಾ ಬಿಟ್ರ ಏನೂ ಮುಟ್ಟಿಲ್ರಿ."

"ಹಂಗಾದ್ರ ಚಹಾನೂ ಬಿಡು."

ಡೈರೆಕ್ಟರ್ ಹತ್ರ ಹೋದ. ಅರ್ಧ ಮರಾಠಿ, ಅರ್ಧ ಹಿಂದಿ ಕೂಡಿಸಿ, ಮನಿಗಳಾಗ ಮಂದಿ ಇದ್ದಾರ ಸಾಹೇಬ, ಮದ್ದು ಹಚ್ಚಬ್ಯಾಡ್ರಿ ಅಂದ. ಅಂವ ತಲೀ ಎತ್ತಲಿಲ್ಲ. ಎಲ್ಲಾ ಮನಿ ನೋಡ್ಯಾರ, ಖಾಲಿ ಅವ, ಅಂದ. ಇಲ್ರಿ ಸಾಹೇಬ, ಸಪ್ಪಳ ಕೇಳಸ್ತದ, ಅಂದ್ರ... "ಕ್ಯಾಮರಾಕ್ಕ ಕಾಣಸ್ತದೇನು?" ಅಂದ. ನೋಡ್ರಿ ಮಾತು! ಇಲ್ಲಿಗೆ ಬಂದಾಗೆಲ್ಲ ನನಗ ಮೈ ಉರೀತದ. ತಾನು ತಗಿಯೋ ಸಿನಿಮಾದ ಕತಿ ಏನು, ತಾನು ಆಡೋ ಮಾತೇನು!

ಮದ್ದು ಹಚ್ಚೋ ದಿನ ಬಂತು. ಹೊತ್ತು ಮುಳುಗೋ ವ್ಯಾಳ್ಯಾ. ಎಲ್ಲಾರೂ ದೂರ ಬದುವಿನ ಹಿಂದ ಕುಂತಿದ್ರು. ಹುಷಾರ್ ಅಂತ ಭೋಂಗಾ ಊದಿದ್ರು. ಎಲ್ಲಾ ಗಪ್ ಆತು...

ಆ ಗಪ್ಪಿನ್ಯಾಗ ಕೂಸು ಅತ್ತಿತು. ಹೆಚ್ಚಿಲ್ಲ... ನಿದ್ದಿಗಣ್ಣಾಗ ಹಾಲಿಗೆ ಅತ್ತಂಗ.

ಜಟ್ಟೆಪ್ಪ ಹೆಗಲ ಮ್ಯಾಲಿನ ಟವೆಲ್ ಬೀಸಿಕೋತ ಓಡಿದ. "ಥಾಂಬಾ! ಥಾಂಬಾ! ನಿಲ್ಲಸ್ರಿ!"

ನಿಲ್ಲಿಸಿದ್ರು. ಮನಿ ಮನಿ ಹೊಕ್ಕು ನೋಡಿದ್ರು. ಯಾರೂ ಇಲ್ಲ. ಮತ್ತ ತಯಾರಾತು, ಮತ್ತ ಭೋಂಗಾ, ಮತ್ತ ಇಂವ ಓಡಿದ. ಡೈರೆಕ್ಟರ್ ತನ್ನ ಟೊಪಗಿ ತಗದು ನೆಲಕ್ಕ ಒಗದ. ಈ ಸರ್ತಿ ಲಾಲಪ್ಪ ನಾಕು ಮಂದೀನ ಕೂಡಿಸಿಕೊಂಡು ಜಟ್ಟೆಪ್ಪನ್ನ ಮಣ್ಣಿಗೆ ಒತ್ತಿ ಹಿಡದ, ಬಾಯಿ ಮುಚ್ಚಿ.

ಸಾಬವ್ವ ಎದ್ದು ನಿಂತ್ಳು. "ಒಮ್ಮೆ ಆ ಕಟ್ಟಕಡೀ ಮನಿ ನೋಡ್ರಿ ಯಪ್ಪಾ... ಕೈ ಮುಗೀತೀನಿ."

ಆಕಿ ಮಾತು ಡೈರೆಕ್ಟರ್‌ಗೆ ತಿಳೀಲಿಲ್ಲ. ತಿಳಕೊಳ್ಳಲಿಕ್ಕ ಪುರುಸೊತ್ತೂ ಇರಲಿಲ್ಲ. ಬೆಳಕು ಹೊಂಟದ ಬೆಳಕು ಹೊಂಟದ ಅಂತ ಒಂದೇ ಸವನೆ ಒದರಾಡ್ತಿದ್ದ.

ಆಗ ಕೇಳಿಸ್ತು. ಕಡೀ ಮನ್ಯಾಗಿಂದ.

ಕಿರ್ರ್... ಟಕ್.

ಬಾಗಿಲ ಮುಂದ ಮಾಡಿ ಒಳಗಿಂದ ಚಿಲಕ ಹಾಕಿದ ಸಪ್ಪಳ.

ಈ ಸರ್ತಿ ಎಲ್ಲಾರಿಗೂ ಕೇಳಿಸ್ತು. ಲಾಲಪ್ಪನ ಕೈ ಸಡ್ಲಾತು. ಡೈರೆಕ್ಟರ್ ಬಾಯಿ ತಗದ... ಆದ್ರ ಅಷ್ಟೊತ್ತಿಗೆ ಮದ್ದಿನಾಂವ ಬಟನ್ ಒತ್ತಿಬಿಟ್ಟಿದ್ದ.

ಧಡಾಲ್!

ಹೊಗಿ ಇಳದ ಮ್ಯಾಲ ಬ್ಯಾಟರಿ ಹಚ್ಚಿ ಬೂದಿ ಕೆದರಿದ್ರು. ಬಿದಿರು, ಪ್ಲೈವುಡ್, ಇಟ್ಟಂಗಿ. ಒಂದು ಎಲುಬಿಲ್ಲ, ಒಂದು ಹನಿ ರಕ್ತಿಲ್ಲ. "ಹಂಗಾದ್ರ ಚಿಲಕ ಹಾಕಿದ್ಯಾರು?" ಜಟ್ಟೆಪ್ಪ ಒಬ್ಬೊಬ್ಬರ ಮಾರಿ ನೋಡಿ ಕೇಳಿದ. ಲಾಲಪ್ಪ ಗಾಳಿ ಅಂದ. ಡೈರೆಕ್ಟರ್ ಪ್ಯಾಕಪ್ ಅಂದು ಗಾಡಿ ಹತ್ತಿದ. ಮುಂದ ಆ ಸಿನಿಮಾ ನೋಡಿ ಟಾಕೀಜಿನಾಗ ಮಂದಿ ಗಳಗಳ ಅತ್ತರಂತ. ಅತ್ತು ಏನ್ ಮಾಡೋದದ್ರಿ? ಕೇಳೋ ಹೊತ್ತಿನ್ಯಾಗ ಒಬ್ಬಾಂವ ಕೇಳಲಿಲ್ಲ.

ಗಂಡ ಹೆಂಡತಿ ಆ ರಾತ್ರೀನೇ ಗಂಟು ಕಟ್ಟಿದ್ರು. ರಸ್ತಾ ಮುಟ್ಟಬೇಕಂದ್ರ ಆ ಬೂದಿ ದಾಟೇ ಹೋಗಬೇಕು. ಕಡೀ ಮನಿ ಜಾಗಾದಾಗ ಎರಡು ಕಂಬ ಸುಟ್ಟು ಕರ್ರಗಾಗಿ ನಿಂತಿದ್ವು. ನಡುವ ತಂತಿ. ತಂತಿ ಮ್ಯಾಲ ಕೂಸಿನ ಅಂಗಿ ಒಂದು... ಬೆಳ್ಳಗ, ಒಂದು ಕಿಡಿ ಹಾರಿಲ್ಲ, ಒಂದು ಮಸಿ ಹತ್ತಿಲ್ಲ.

ತೊಟ್ಟ್... ತೊಟ್ಟ್... ನೀರು ಬೂದ್ಯಾಗ ಬೀಳ್ಲಿಕತ್ತಿತ್ತು.

ನೀವು ನಂಬ್ರಿ, ಬಿಡ್ರಿ. ಜಟ್ಟೆಪ್ಪನ ಮಾತು ಸುಳ್ಳು ಅನ್ನಸಿದ್ರ ಸಾಬವ್ವನ್ನ ಕೇಳ್ರಿ. ಆಕಿ ಆ ಅಂಗಿ ತನ್ನ ಕೈಯಾರ ಹಿಂಡಿ, ಝಾಡಿಸಿ, ತಿರಗಿ ಒಣಹಾಕಿ ಬಂದಾಳ.