ಮೇಳ ಮುಗೀಲಿ
ಅನ್ನೂರಿಂದ ತಿರುಪ್ಪೂರಿಗೆ ಹೊರಟ ಬಸ್ಸಲ್ಲಿ ಜಾನಕಿಯಮ್ಮನ ಮುಂದಿನ ಸೀಟಿನ ಇಬ್ಬರು ಬ್ಯಾಂಕಿನವರು, ಗುಟ್ಟಿನ ಮಾತು ಬಂದದ್ದೇ ತಮಿಳು ಬಿಟ್ಟು ಮನೆಯ ಕನ್ನಡಕ್ಕೆ ಇಳಿದರು. ಅವಳು ವೆಂಕಟಾಚಲಂ ಅವರ ಬನಿಯನ್ ಕಂಪನಿಯಲ್ಲಿ ಬಟ್ಟೆ ಮಡಿಸುವವಳು. ನೂಲಿಲ್ಲವೆಂದು ಮುಚ್ಚಿದ್ದ ಕಂಪನಿ ಇವತ್ತಾದರೂ ತೆಗೆದಿದೆಯೋ ಎಂದು ಬುತ್ತಿ ಕಟ್ಟಿಕೊಂಡು ಹೊರಟಿದ್ದಳು.

"ಸಾಲ ಮೇಳಕ್ಕೆ ಮಂತ್ರಿ ಬರ್ತಾರಂತೆ ಮಾಮ. ಯಾರ್‍ಯಾರಿಗೆ ಕೊಡಬೇಕಂತ ಪಾರ್ಟಿಯವರು ಹೇಳಿ ಕಳಿಸಿದಾರೆ."

"ಕೊಟ್ಟುಬಿಡು."

"ತಿರುಗಿ ಬರೋ ದುಡ್ಡಲ್ಲ ಅದು."

"ಮೇಲಿನವರಿಗೂ ಗೊತ್ತು. ಆದ್ರೂ ಕೊಟ್ಟ ಸಾಲದ ಲೆಕ್ಕದಲ್ಲಿ ಜಿಲ್ಲೆಗೇ ನಮ್ಮ ಬ್ರಾಂಚು ಮೊದಲು ಬರತ್ತೆ."

"ವೆಂಕಟಾಚಲಂ ನೂಲಿಗೆ ಸಾಲ ಕೇಳ್ತಾನೇ ಇದಾರೆ. ನೂಲಿನ ರೇಟು ದಿನಾ ಏರ್ತಿದೆ. ಹಿಂದಿನದೆಲ್ಲ ಸರಿಯಾಗಿ ಕಟ್ಟಿದಾರೆ."

"ಕಟ್ಟಿದ್ರೆ? ಮಂತ್ರಿ ಪಕ್ಕ ಅವರನ್ನ ನಿಲ್ಲಿಸಕ್ಕಾಗತ್ತಾ? ಮೇಳ ಮುಗೀಲಿ."

"ಆಳುಗಳೆಲ್ಲ ಮನೇಲಿ ಕೂತಿದಾರಂತೆ."

"ಅದನ್ನ ನಮ್ಮನ್ನ ಯಾರೂ ಕೇಳಲ್ಲ."

ಅವಿನಾಶಿ ಬಂತು. ಹಿರಿಯವನು ಎದ್ದು, ದಾರಿಗೆ ಅಡ್ಡವಿದ್ದ ಚೀಲ ತೆಗೆಯುವಂತೆ ಜಾನಕಿಯಮ್ಮನಿಗೆ ತಮಿಳಲ್ಲಿ ಹೇಳಿದ. ಅವಳು ಬುತ್ತಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಮೆಲ್ಲಗೆ ಇಳೀರಪ್ಪ," ಎಂದಳು, ಕನ್ನಡದಲ್ಲಿ.

ಕಿರಿಯವನು ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದ. ಕಂಡಕ್ಟರ್ ವಿಸಿಲ್ ಊದಿದ.