ಕತ್ರಿ ಬ್ಯಾಡ, ಔಷಧಿ ಹಚ್ರಿ

...ಅಲ್ರಿ ಮೇಡಂ, ವಯಸ್ಸು ಯಾಕ ಕೇಳ್ತೀರಿ? ಇಂಥಾ ವಯಸ್ಸಿನೋರಿಗೆ ಮಾತ್ರ ಅಂತ ಬೋರ್ಡಿನ ಮ್ಯಾಲ ಬರದಿಲ್ಲಲ್ಲ. 'ಪರ್ಮನೆಂಟ್ ಹೇರ್ ಸ್ಟ್ರೇಟ್ನಿಂಗ್' ಅಂತ ಬರದೈತಿ. ಓದಿದೆ, ಒಳಗ ಬಂದೆ. ಐವತ್ತು ದಾಟೇತಿ ನನಗ. ಕೂದ್ಲಕ್ಕ ಅದು ಗೊತ್ತಿಲ್ಲ, ಇನ್ನೂ ಗುಂಗುರ ಗುಂಗುರ ಅದಾವ.

ನಗ್ರಿ, ನಗ್ರಿ. ನಮ್ಮ ಹುಡುಗ್ಯಾರೂ ನಕ್ರು. ನಾನು ಇಲ್ಲೇ ಕೊಟ್ಟೂರಾಗ ಹುಡುಗ್ಯಾರ ಹಾಸ್ಟೆಲ್ನಾಗ ಅಡಿಗಿ ಮಾಡ್ತೀನಿ, ಮಂಜಮ್ಮ ಅಂತ. ನಿಮ್ಮ ಹತ್ರ ಕೂದ್ಲ ನೆಟ್ಟಗ ಮಾಡಿಸ್ಕೊಂಡು ಬಂದೋರಿಗೆಲ್ಲ ಅನ್ನ ಹಾಕಾಕಿ ನಾನ. ಒಬ್ಬಾಕಿ ಅಂತೂ ತಲಿಗೆ ನೀರು ಮುಟ್ಟಸಂಗಿಲ್ಲ, ಕಿವಿ ಹಿಂದ ಕೂದ್ಲ ಸಿಗಸಂಗಿಲ್ಲ ಅಂತ ಗ್ವಾಡಿಗೆ ಬೆನ್ನು ಕೊಟ್ಟು ಕುಂತ ನಿದ್ದಿ ಮಾಡಿದ್ಲು. ಅದೇನು ಕಷ್ಟಲ್ಲ ನನಗ. ಕುಂತು ನಿದ್ದಿ ಮಾಡಿ ರೂಢಿ ಐತಿ.

ಆ ಡಬ್ಬ್ಯಾಗಿಂದನ ಔಷಧಿ? ವಾಸನಿ ಕಣ್ಣಿಗೆ ಹೊಡೀತೈತಲ್ರಿ. ಇರ್ಲಿ, ಒಗ್ಗರಣಿ ಹೊಗಿಯಾಗ ಪಳಗಿದ ಕಣ್ಣು ಇವು.

...ಮೊದ್ಲು ತಲಿ ತೊಳೀಬೇಕಾ? ಮನ್ಯಾಗ ತೊಳಕೊಂಡ ಬಂದೀನಿ. ಹಂಗಾರ ಮುಂದಿಂದ ಶುರು ಮಾಡ್ರಿ. ತುರುಬು... ತುರುಬು ಆಮ್ಯಾಲ ಬಿಚ್ಚೋಣ. ಕುತ್ತಿಗಿಗೆ ಚಳಿ ಆಗ್ತೈತಿ. ಹಂಗ್ಯಾಕ ನೋಡ್ತೀರಿ? ಬ್ಯಾಸಿಗ್ಯಾಗೂ ಒಬ್ಬೊಬ್ರಿಗೆ ಚಳಿ ಆಗ್ತೈತಿ.

ಯಾಕ ಮಾಡಿಸ್ಕೋತೀರಿ ಅಂದ್ರಲ್ಲ, ಮಗಳ ಮದುವಿ ಐತಿ. ರೇಖಾ ಅಂತ. ಹಡಗಲ್ಯಾಗ ಸ್ಟಾಫ್ ನರ್ಸ್ ಅದಾಳ. ಹುಡುಗನ ಹೆಸರು ಕ್ರಾಂತಿಕುಮಾರ್, ಹರಪನಹಳ್ಳಿ ಕಡೆಯಾವ, ಸಾಲಿ ಮಾಸ್ತರ. ಅವರವರ ನೋಡಿಕೊಂಡು, ಅವರವರ ಒಪ್ಪಿಕೊಂಡು, ಆಮ್ಯಾಲ ನಮಗ ಹೇಳಿದ್ರು. ಫೋಟೋದಾಗ ಅವ್ವ ಚೊಲೊ ಕಾಣಬೇಕಲ್ಲ ಅಂತ ಬಂದೆ. ಮತ್ತೇನಿಲ್ಲ.

ಹುಡುಗನ ಕಡೆಯೋರಿಗೆ ನನ್ನ ವಿಷಯ ಎಲ್ಲಾ ಗೊತ್ತೈತಿ. ನಾನ ಹೇಳಿದೆ. ಕೇಳಿ ಅವನ ತಾಯಿ ಎದ್ದು ಒಳಗ ಹೋಗಿ ಚಾ ತಂದುಕೊಟ್ಲು. ಅಲ್ಲಿಗೆ ಮಾತು ಮುಗೀತು. ನಿಮಗೂ ಹೇಳ್ತೀನಿ ತಗೋರಿ, ಮುಚ್ಚಿಡೋದೇನೂ ಇಲ್ಲ ನನ್ನ ಹತ್ರ.

ನಮ್ಮೂರು ಚಿಗಟೇರಿ ಆ ಕಡೆ ಒಂದು ಸಣ್ಣ ಹಳ್ಳಿ. ನಾಕನೇ ಕ್ಲಾಸಿನಾಗ ಇದ್ದಾಗ ನನಗ ವಿಷಮಜ್ವರ ಬಂತು. ಅವ್ವ ಕಬ್ಬು ಕಡಿಯಾಕ ದೂರ ಹೋಗಿದ್ಲು. ತಲಿಗೆ ಎಣ್ಣಿ ಹಚ್ಚೋರು ಇಲ್ಲ, ಬಾಚೋರು ಇಲ್ಲ. ಗುಂಗುರ ಕೂದ್ಲ, ಬೆವರು, ಮ್ಯಾಲ ಕೌದಿ. ಜ್ವರ ಬಿಟ್ಟು ಎದ್ದು ಕುಂತಾಗ ಹಿಂದ ಕೂದ್ಲ ಗಂಟಾಗಿ ಹಗ್ಗ ಹೊಸದಂಗ ಆಗಿತ್ತು. ನಮ್ಮಜ್ಜಿ ಉಚ್ಚಂಗೆಮ್ಮ ನೋಡಿದ್ಲು. ಜಡಿ ಬಿದ್ದೈತಿ, ಅಮ್ಮ ಕೂಸಿನ ತಲ್ಯಾಗ ಬಂದು ಕುಂತಾಳ ಅಂದ್ಲು. ದೇವಿ ಅಂತ. ಅಲ್ಲಿಂದ ಮುಂದ ನನ್ನ ತಲಿಗೆ ಬಾಚಣಿಗಿ ಮುಟ್ಟಲಿಲ್ಲ. ದೇವರ ಭಂಡಾರದ ಅರಿಶಿಣ ಹಚ್ಚಿದ್ರು. ಸಾಲಿ ಬಿಡಿಸಿದ್ರು. ಅವ್ವ ಕಬ್ಬಿನಿಂದ ಬರೋದರಾಗ ಊರಾಗಿನ ಹಿರೇರೆಲ್ಲ ಕುಂತು ಮಾತು ಮುಗಿಸಿಬಿಟ್ಟಿದ್ರು.

ದೊಡ್ಡಾಕಿ ಆದ ಮ್ಯಾಲ ಕೊಳ್ಳಾಗ ಮುತ್ತು ಕಟ್ಟಿದ್ರು, ದೇವರಿಗೆ ಬಿಟ್ರು. ಮುತ್ತು ಕಟ್ಟಿಸಿಕೊಂಡಾಕಿಗೆ ಮದುವಿ ಇಲ್ಲ, ಗಂಡ ಇಲ್ಲ. ಬರೋರು ಇರ್ತಾರ, ಇರೋರು ಇರಂಗಿಲ್ಲ. ರೇಖಾನ ಅಪ್ಪ ಅಂಥಾ ಬಂದಾವ ಒಬ್ಬ. ಆಕಿನ್ನ ಸಾಲಿಗೆ ಹಚ್ಚಾಕ ಹೋದಾಗ ಅಪ್ಪನ ಹೆಸರು ಹೇಳು ಅಂದ್ರು. ಮಂಜಮ್ಮ ಅಂದೆ. ಅದು ಅವ್ವನ ಹೆಸರಾತು ಅಂದ್ರು. ಅಲ್ಲೂ ಅದನ್ನ ಬರೀರಿ ಅಂದೆ.

ಯಾಕ್ರಿ, ಕೈ ನಿಲ್ಲಿಸಿದ್ರಿ? ಔಷಧಿ ಕಲಸ್ರಿ ಕಲಸ್ರಿ. ಅಳೋ ಕಥಿ ಅಲ್ಲ ಇದು, ಮುಂದ ಚೊಲೊ ಆಗ್ತೈತಿ.

ರೇಖಾ ಇನ್ನೂ ಸಣ್ಣಾಕಿ. ಮುತ್ತು ಕಟ್ಟಿಸಿಕೊಂಡೋರ ಸಂಘದ ಸೌಭಾಗ್ಯಕ್ಕ ಅಂತ ಒಬ್ಬಾಕಿ ಮನಿಗೆ ಬರಾಕ ಹತ್ತಿದ್ಲು. ನಮ್ಮಂಥಾಕಿನ ಆಕಿನೂ. ಆಕಿ ತಲಿಯಾಗ ಜಡಿ ಇರ್ಲಿಲ್ಲ, ಎರಡು ಹೆರಳು ಹಾಕ್ಕೊಂಡು ರಿಬ್ಬನ್ ಕಟ್ಟಿದ ಸಾಲಿ ಹುಡುಗಿ ಹಂಗ ನಕ್ಕೋತ ಬರ್ತಿದ್ಲು. ನನ್ನ ಜಡಿ ಮೊಣಕಾಲ ಮಟ ಇಳಿದಿತ್ತು. ಕತ್ತರಿಸೋಣ ಅಂದ್ಲು. ಊರಾಗ ಎಲ್ಲಾರೂ ಹೆದರಿಸಿದ್ರು. ಜಡಿ ಕತ್ತರಿಸಿದ್ರ ರಕ್ತ ಸುರೀತೈತಿ, ಮಕ್ಳು ಸಾಯ್ತಾವ ಅಂದ್ರು. ರೇಖಾನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತೆ. ಸೌಭಾಗ್ಯಕ್ಕ ಕತ್ತರಿಸಿದ್ಲು. ರಕ್ತ ಬರಲಿಲ್ಲ. ಹೇನು ಬಂದವು.

ಹ್ಞಾ, ಈಗ ನಕ್ರಿ ನೋಡ್ರಿ. ನಗಬೇಕು.

ರೇಖಾಂದೂ ನನ್ನಂಗ ಗುಂಗುರ ಕೂದ್ಲ. ದಿನಾ ಮುಂಜಾನಿ ಒಮ್ಮೆ, ಸಂಜಿ ಒಮ್ಮೆ ಬಾಚತಿದ್ದೆ. ಜ್ವರ ಬಂದ್ರೂ ಬಿಡ್ತಿರ್ಲಿಲ್ಲ. ಅವ್ವಾ ನೋವಾಗ್ತೈತಿ ಅಂತ ಅಳತಿದ್ಲು. ಅಳು, ಆದ್ರ ತಲಿ ಅಲಗಾಡಿಸಬ್ಯಾಡ ಅಂತಿದ್ದೆ. ಆಕಿ ತಲ್ಯಾಗ ಒಂದು ಗಂಟೂ ಉಳಿಯಾಕ ಬಿಟ್ಟಿಲ್ಲ ನಾನು.

ಆಮ್ಯಾಲ ನಾನೂ ಸಂಘ ಸೇರಿದೆ. ಸೂಟಿ ಸಿಕ್ಕಾಗೆಲ್ಲ ಶಾಂಪೂ, ಬಾಚಣಿಗಿ, ಕತ್ರಿ ಚೀಲದಾಗ ಹಾಕ್ಕೊಂಡು ಹಳ್ಳಿಗೆ ಹೋಗ್ತೀನಿ. ಹಲವಾಗಲು ಕಡೆ, ಕೂಡ್ಲಿಗಿ ಕಡೆ. ಎಷ್ಟೋ ಹುಡುಗ್ಯಾರ ಜಡಿ ಈ ಕೈಯಿಂದನ ಬಿದ್ದಾವ. ಹೆದರಬ್ಯಾಡ್ರಿ, ಇದು ಕೂದ್ಲ, ಬರೇ ಕೂದ್ಲ ಅಂತ ಭಾಷಣ ಮಾಡ್ತೀನಿ. ಮೈಕ್ ಕೈಗೆ ಸಿಕ್ರ ಬಿಡಂಗಿಲ್ಲ ಅಂತ ನಮ್ಮೋರು ಬೈತಾರ.

ಅದಿರ್ಲಿ. ಒಂದು ಕೇಳ್ತೀನಿ. ಪರ್ಮನೆಂಟ್ ಅಂದ್ರ ಎಷ್ಟು ಪರ್ಮನೆಂಟ್ರಿ? ...ಬುಡದಾಗ ಹೊಸಾದು ಮತ್ತ ಗುಂಗುರ ಬರ್ತೈತಾ? ಹಂಗಾರ ಪರ್ಮನೆಂಟ್ ಅಂತ ಯಾಕ ಬರಸೀರಿ. ನಾನೂ ಹಾಸ್ಟೆಲ್ನಾಗ ಪರ್ಮನೆಂಟ್ ಆಗ್ತೀನಿ ಅಂತ ಕಾಯ್ಕೋತ ಕುಂತೀನಿ, ಅದೂ ಇಂಥದ್ದ ಇರಬೇಕು.

ಇನ್ನೊಂದು. ಗಂಟಾಗಿದ್ದ ಕೂದ್ಲಕ್ಕ ಈ ಔಷಧಿ ಹಚ್ಚಿದ್ರ ಗಂಟು ತಾನ ಬಿಚ್ಚಿಕೋತೈತಾ? ಕತ್ರಿ ಇಲ್ಲದಂಗ? ...ಇಲ್ಲ ಇಲ್ಲ, ಸುಮ್ನ ಕೇಳಿದೆ. ಹಳ್ಳಿ ಹುಡುಗ್ಯಾರಿಗೆ ಹೇಳಾಕ ಬೇಕಾಗ್ತೈತಿ.

ಬ್ಯಾಡ್ರಿ, ಆ ಪಿನ್ನು ತೆಗೀಬ್ಯಾಡ್ರಿ. ಹೇಳಿದ್ನಲ್ಲ ಮುಂದಿಂದ ಹಚ್ರಿ ಅಂತ... ಮೇಡಂ...

ತೆಗದ್ರಿ.

...

ಯಾಕ ನಿಂತ್ರಿ?

ಕನ್ನಡಿಯಾಗ ಕಾಣ್ತೀರಿ ನೀವು ನನಗ. ಹಿಂದಕ ಸರದ್ರಿ. ಕೈಯಾಗಿನ ಕ್ಲಿಪ್ಪು ಕೆಳಗಿಟ್ರಿ.

ಮೇಡಂ. ಕೈ ಯಾಕ ಮುಗದ್ರಿ?

...

ಹೌದ್ರಿ. ಜಡಿ ಐತಿ. ಹೆಬ್ಬೆರಳಿನಷ್ಟು ದಪ್ಪ ಐತಿ. ಉಗಾದಿ ಹೊತ್ತಿಗೆ ಮೈಕೈ ಹಿಡಿಯೋ ಜ್ವರ ಬಂದಿತ್ತು, ಕೈ ಎತ್ತಾಕ ಬರ್ತಿರ್ಲಿಲ್ಲ. ಕಟ್ಟಿದ ತುರುಬು ಬಿಚ್ಚದ ಹಂಗ ಮಲಗಿದೆ. ಎದ್ದ ಮ್ಯಾಲ ಬೆರಳಿಗೆ ಸಿಕ್ತು. ಅದ ಜಾಗದಾಗ.

ಜ್ವರದಾಗ ಬಾಚಲಿಲ್ಲ, ಗಂಟಾತು. ಅಷ್ಟ. ಊರೂರಾಗ ಇದನ್ನ ಹೇಳ್ತೀನಿ ನಾನು. ಕತ್ರಿ ತಗೊಂಡು ಕನ್ನಡಿ ಮುಂದ ಕುಂತೆ. ಮಕ್ಳು ಸಾಯ್ತಾವ ಅಂದಿದ್ರಲ್ಲ, ಆ ಮಾತು ನೆನಪಾತು. ರೇಖಾನ ಮದುವಿ ಮುಂದೈತಿ. ನಾಕು ಮಂದಿ ಮುಂದ ಅದು ಸುಳ್ಳು ಸುಳ್ಳು ಅಂತ ಎಷ್ಟು ಸಲ ಕೂಗೀನಿ. ಒಬ್ಬಾಕಿನ ಕುಂತಾಗ ಸುಳ್ಳು ಅನಿಸಲಿಲ್ಲ. ಕತ್ರಿ ಪೆಟ್ಟಿಗ್ಯಾಗ ಇಟ್ಟೆ.

ಮಗಳಿಗೆ ಹೇಳಿಲ್ಲ. ಹೇಳಿದ್ರ ನಿಂತ ಕಾಲ ಮ್ಯಾಲ ಕತ್ತರಿಸಿ ಬಿಸಾಕ್ತಾಳ. ಅದಕ್ಕ ಹೇಳಿಲ್ಲ. ಸಂಘದಾಗೂ ಹೇಳಿಲ್ಲ, ತಲಿ ಮ್ಯಾಲ ಸೆರಗು ಹೊತ್ತುಕೊಂಡು ಹೋಗಿ ಭಾಷಣ ಮಾಡಿ ಬಂದೀನಿ. ಕತ್ತರಿಸಿದ್ರ ಅಮ್ಮಗ ಸಿಟ್ಟು. ಔಷಧಿ ಹಚ್ಚಿ ಬಿಚ್ಚಿದ್ರ ಕತ್ತರಿಸಿದಂಗ ಆಗಂಗಿಲ್ಲಲ್ಲ ಅಂತ ವಿಚಾರ ಮಾಡಿ ನಿಮ್ಮ ಅಂಗಡಿಗೆ ಬಂದೆ. ಈಗ ನಗ್ರಿ. ನಗೋದಿದ್ರ ಈಗ ನಗಬೇಕು ನೀವು.

...ಇನ್ನೂ ಕೈ ಮುಗದ ನಿಂತೀರಿ.

ಅವತ್ತು ನಮ್ಮಜ್ಜಿನೂ ಹಿಂಗ ನಿಂತಿದ್ಲು. ನನ್ನ ಎತ್ತಿ ಆಡಿಸಿದಾಕಿ, ಮೂಗು ಒರಸಿದಾಕಿ, ಒಂದ ಕೌದ್ಯಾಗ ಮಲಗಿಸ್ಕೊಂಡಾಕಿ, ನನಗ ಕೈ ಮುಗದ್ಲು. ಅಜ್ಜೀ ಹತ್ರ ಬಾ ಅಂದೆ. ಬರಲಿಲ್ಲ. ಆ ರಾತ್ರಿಯಿಂದ ನನ್ನ ಬ್ಯಾರೇ ಮಲಗಿಸಿದ್ರು. ಬೈದಿದ್ರ ಅಳತಿದ್ದೆ, ಹೊಡದಿದ್ರ ಓಡಿಹೋಗ್ತಿದ್ದೆ. ಕೈ ಮುಗದ್ರ ಏನು ಮಾಡಬೇಕ್ರಿ ಸಣ್ಣ ಹುಡುಗಿ?

ಕೈ ಇಳಸು ಯವ್ವಾ. ಅಮ್ಮ ಅಲ್ಲ ನಾನು. ಹಾಸ್ಟೆಲ್ ಮಂಜಮ್ಮ. ಹತ್ರ ಬಾ.

...ಹ್ಞಾ.

ಆ ಔಷಧಿ ಬ್ಯಾಡ, ಡಬ್ಬಿ ಮುಚ್ಚು. ಕತ್ರಿ ತಗೋ. ಹೆದರಿಕಿ ಆಗ್ತೈತಾ? ನನಗೂ ಆಗ್ತೈತಿ. ಇಬ್ರೂ ಹೆದರಿಕೋತ ಮಾಡೋಣ. ಗಂಟು ನಾನು ಬಿಗಿ ಹಿಡ್ಕೋತೀನಿ, ನೀನು ಬುಡದಾಗ ಕತ್ರಿ ಇಡು. ಅಲ್ಲಲ್ಲ, ಇನ್ನೂ ಒಳಗ. ಹೆಂಗರ ಕತ್ತರಿಸು, ಕಿವಿ ಒಂದು ಉಳಿಸು.

...

ಬಂತಾ? ತೋರಿಸು.

ಇಷ್ಟನಾ.

...ಹೊಳಿಗೆ ಬಿಡಬೇಕಾ? ಬ್ಯಾಡ ಯವ್ವಾ. ಆ ಮೂಲ್ಯಾಗ ಗುಡಿಸಿ ಇಟ್ಟೀ ನೋಡು, ಮುಂಜಾನಿಂದ ಬಂದೋರ ಕೂದ್ಲ. ಅದರಾಗ ಹಾಕು.