ಅಮಾವಾಸ್ಯೆ ಕಳೆಯಲೆಂದು ಕಾದ ಅರ್ಜಿ

ನನಗೆ ಕೆಲಸ ಸಿಕ್ಕಿತು, ವಿಶ್ವವಿದ್ಯಾಲಯದಲ್ಲಿ, ಸೈದ್ಧಾಂತಿಕ ಭೌತಶಾಸ್ತ್ರದ ಸಂಶೋಧನಾ ಸಹಾಯಕಿ! ಕ್ಷಮಿಸಿ, ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲ ಮಹಾದೇವಯ್ಯನವರೇ, ವೇದಿಕೆಯ ಗಣ್ಯರೇ, ನನಗೆ ಪಾಠ ಹೇಳಿದ ಗುರುಗಳೇ, ಸಭಿಕರೇ, ಮೊದಲು ನಿಮ್ಮನ್ನೆಲ್ಲ ಕರೆಯಬೇಕಿತ್ತು. ಮದುವೆಯಾಗಿ ಇನ್ನೂ ನಲವತ್ತು ದಿನ. ಎಲ್ಲವನ್ನೂ ಹೀಗೇ ಹಿಂದುಮುಂದಾಗಿ ಹೇಳುತ್ತಿದ್ದೇನೆ. ನಮ್ಮ ಭಾನುಪ್ರಕಾಶ್ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ, ನೋಡಿ. ಎಷ್ಟು ಚೆನ್ನಾಗಿ ನಗುತ್ತಾರೆ, ಅಲ್ಲವೇ?

ನಿರೂಪಕರು ನನ್ನನ್ನು ‘ವಿಭಾಗದ ಹೆಮ್ಮೆ’ ಎಂದರು. ಹೌದೇ? ಈ ವಿಭಾಗದಲ್ಲಿ ಥಿಯರಿ ಯಾರಿಗೆ ಬರುತ್ತಿತ್ತು? ನನ್ನ ಕ್ಲಾಸ್‌ಮೇಟ್, ನಿಟ್ಟೂರಿನ ಸಂಧ್ಯಾಳಿಗೆ. ನನಗೆ ಬರುತ್ತಿದ್ದುದು ಇಂಗ್ಲಿಷ್. ಕ್ಯಾಂಟೀನಿನಲ್ಲಿ ಅವಳು ಬಿಲ್ಲಿನ ಹಿಂದೆ ಬರೆದು ಹೇಳಿಕೊಡುತ್ತಿದ್ದಳು. “ಲೆಕ್ಕಕ್ಕೆ ಯಾಕೇ ಬೀಳ್ತೀಯಾ? ಯಾವ್ದು ಬದಲಾಗಲ್ಲ ಅಂತ ಮೊದ್ಲು ನೋಡು ಕಣೇ.” ಸಂದರ್ಶನದಲ್ಲಿ ನಾನು ಹೇಳಿದ್ದು ಈ ಮಾತನ್ನೇ, ಇಂಗ್ಲಿಷಿನಲ್ಲಿ. ಅವರೆಲ್ಲ ತಲೆದೂಗಿದರು.

ಅರ್ಜಿ ಇಬ್ಬರೂ ಹಾಕಿದೆವು. ಅಂದರೆ, ನನ್ನದನ್ನು ನಾನು ಮೊದಲೇ ಹಾಕಿದ್ದೆ. ಅವಳದು... ಆ ದಿನ ಅವಳಿಗೆ ಟ್ರೈನ್ ತಪ್ಪುವುದರಲ್ಲಿತ್ತು. “ಕೊಡೇ, ನಮ್ಮ ಕ್ಯಾತ್ಸಂದ್ರದಲ್ಲೇ ಪೋಸ್ಟಾಫೀಸಿದೆ, ನಾಳೆ ಹಾಕ್ತೀನಿ” ಎಂದು ಕವರ್ ಇಸಕೊಂಡೆ. ಅದೇ ಚೀಲದಲ್ಲಿ ನನ್ನ ಮದುವೆಯ ಕಾರ್ಡುಗಳಿದ್ದವು. ನಮ್ಮಜ್ಜಿ ರಂಗಲಕ್ಷ್ಮಮ್ಮ ಚೀಲವನ್ನು ಹಾಗೇ ದೇವರ ಮುಂದಿಟ್ಟರು. “ಅಮಾಸೆ ಕಳೀಲಿ ಕಣವ್ವ, ಆಮೇಲೆ ಅರಿಶಿನ ಹಚ್ಚಿ ಒಂದೊಂದೇ ಆಚೆ ಕಳ್ಸನ.” ನಾನು ಸೀರೆ ಆರಿಸಲು ಹೋದೆ. ಐದನೇ ದಿನ ಚೀಲ ಬಿಚ್ಚಿದರೆ ಕಾರ್ಡುಗಳ ನಡುವೆ ಅವಳ ಕವರ್. ಅರ್ಜಿಯ ಗಡುವು ಹಿಂದಿನ ದಿನವೇ ಮುಗಿದಿತ್ತು.

ಆಗಲೇ ಹೇಳಬಹುದಿತ್ತಲ್ಲವೇ? ಹೇಳಲಿಲ್ಲ. ಮದುವೆ ಮುಗಿಯಲಿ ಎಂದುಕೊಂಡೆ. ಸಂದರ್ಶನದ ಪತ್ರ ನನಗೆ ಮಾತ್ರ ಬಂತು. ಧಾರೆಯ ದಿನ ಸಂಧ್ಯಾ ನನ್ನ ಸೆರಗು ಸರಿಮಾಡುತ್ತಾ, “ನನ್ ಥಿಯರಿ ಸಾಲಲಿಲ್ಲ ಬುಡು, ನೀನಾದ್ರೂ ಹೋಗು” ಎಂದಳು. ಫೋಟೋದಲ್ಲಿ ನಾನು ಅಳುತ್ತಿದ್ದೇನೆ. ತವರು ಬಿಡುವ ದುಃಖ ಎಂದೇ ಎಲ್ಲರೂ ತಿಳಿದರು.

ಈಗವಳು ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾಳಂತೆ. ಹೇಳಿದವರು ಅವಳ ತಂದೆ, ನಮ್ಮ ಲ್ಯಾಬಿನ ಅಟೆಂಡರ್ ಮೂಡಲಗಿರಿಯಪ್ಪನವರು. ಅಗೋ, ಬಾಗಿಲ ಬಳಿ ನಿಂತಿದ್ದಾರೆ. ಅಪ್ಪಾಜಿ, ನಿಮ್ಮ ಮಗಳನ್ನು ಯಾರೂ ಬೇಡ ಎನ್ನಲಿಲ್ಲ. ಅವಳ ಅರ್ಜಿ ನಮ್ಮ ಮನೆಯಿಂದ ಆಚೆ ಹೋಗಲೇ ಇಲ್ಲ.

ವಿಶ್ವವಿದ್ಯಾಲಯದಲ್ಲಿ ನನಗೆ ಕೆಲಸ ಸಿಕ್ಕಿದ ವಿಭಾಗದಲ್ಲೇ ಇನ್ನೊಂದು ಹುದ್ದೆ ಕರೆದಿದ್ದಾರೆ, ವಿದ್ಯಾರ್ಥಿಗಳಿಗೆ ಥಿಯರಿ ಬಿಡಿಸಿ ಹೇಳುವ ಬೋಧನಾ ಸಹಾಯಕರದು. ಶುಕ್ರವಾರ ಕೊನೆ. ಅರ್ಜಿಯನ್ನು ಕೈಯಲ್ಲೇ ಕೊಡಬಹುದು. ಅವಳೇ ಕೊಡಲಿ, ನಾನು ಜೊತೆಗೆ ಹೋಗುತ್ತೇನೆ, ಅಷ್ಟೆ. ಅವಳು ಬಯ್ಯಲಿ, ಮುಖಕ್ಕೇ ಬಾಗಿಲು ಹಾಕಲಿ. ಆದರೆ ನಡೆದದ್ದನ್ನು ನನ್ನ ಬಾಯಿಂದಲೇ ಕೇಳಲಿ. ಅಪ್ಪಾಜಿ, ನೀವು ಅವಳಿಗೆ ಏನೂ ಹೇಳಬೇಡಿ, ಮನೆಯಲ್ಲಿರು ಎಂದಷ್ಟೇ ಹೇಳಿ.

ಶಾಲು ಹೊದಿಸಿದ್ದಕ್ಕೆ, ಇಷ್ಟು ಹೊತ್ತು ಕೇಳಿಸಿಕೊಂಡಿದ್ದಕ್ಕೆ ಎಲ್ಲರಿಗೂ ಧನ್ಯವಾದ, ನಮಸ್ಕಾರ. ಅಪ್ಪಾಜಿ, ನಾಳಿದ್ದು ಗುರುವಾರ, ಬೆಳಗಿನ ಅರಸೀಕೆರೆ ಪ್ಯಾಸೆಂಜರ್‌ನಲ್ಲಿ ಬಂದು ನಿಟ್ಟೂರಿನಲ್ಲಿ ಇಳಿಯುತ್ತೇನೆ.